ಒಂದು ಗೇಣು ಕಮ್ಮಿಬಿದ್ದ ಸೇತುವೆ

ಸಿರುಗುಪ್ಪ
8 ಏಪ್ರಿಲ್ 2025

ಕುರುಗೋಡಿನ ಸಿವಿಲ್ ಗುತ್ತಿಗೆದಾರರಾದ ಶ್ರೀ ಮರಿಬಸಪ್ಪನವರಿಗೆ,

ನಾನು ಸಿರುಗುಪ್ಪದ ಖಾಜಾ ಫ್ಯಾಬ್ರಿಕೇಶನ್ಸ್‌ನ ಇರ್ಫಾನಾ. ರಾರಾವಿ ಹತ್ತಿರ ಉಪಕಾಲುವೆಗೆ ಕಟ್ಟುತ್ತಿರುವ ಕಾಲುಸೇತುವೆಯಲ್ಲಿ ಎರಡು ದಂಡೆಯ ಕಾಂಕ್ರೀಟ್ ಪಿಲ್ಲರ್ ನಿಮ್ಮ ಕೆಲಸ, ಅವುಗಳ ಮೇಲೆ ಕೂರುವ ಎರಡು ಕಬ್ಬಿಣದ ಗರ್ಡರ್ ನಮ್ಮ ಕೆಲಸ. ಇಬ್ಬರಿಗೂ ಕೆಲಸ ಕೊಟ್ಟದ್ದು ಬಳ್ಳಾರಿ ಗಾಂಧಿನಗರದ ಕಂಪನಿ.

ನಿನ್ನೆ ಕ್ರೇನ್ ತರಿಸಿ ಮೊದಲನೆಯ ಗರ್ಡರ್ ಎತ್ತಿದೆವು. ಈಚೆ ದಂಡೆಯಲ್ಲಿ ಕೂತಿತು, ಆಚೆ ದಂಡೆಯ ಪಿಲ್ಲರ್ ಮುಟ್ಟಲಿಲ್ಲ. ಒಂದು ಗೇಣು ಕಮ್ಮಿ. ಕ್ರೇನಿನವನು ನಕ್ಕ, ಊರವರು ನಕ್ಕರು. ಗರ್ಡರನ್ನು ದಂಡೆಯ ಮೇಲೆ ಮಲಗಿಸಿ ಬಂದಿದ್ದೇವೆ.

ನಾವು ಡ್ರಾಯಿಂಗ್ ಪ್ರಕಾರವೇ ಗರ್ಡರ್ ಮಾಡಿದ್ದೇವೆ. ನಿಮ್ಮ ಪಿಲ್ಲರ್ ಜಾಗ ತಪ್ಪಿದೆ. ಸರಿಪಡಿಸುವ ಜವಾಬ್ದಾರಿ ನಿಮ್ಮದು. ಒಂದು ವಾರದೊಳಗೆ ಉತ್ತರ ಬರದಿದ್ದರೆ ಕಂಪನಿಗೆ ದೂರು ಕೊಡಬೇಕಾಗುತ್ತದೆ.

ಇರ್ಫಾನಾ


ಕುರುಗೋಡು
14 ಏಪ್ರಿಲ್ 2025

ಇರ್ಫಾನಾ ಬೇಗಂ ಅವರಿಗೆ ಮರಿಬಸಪ್ಪ ಬರೆಯೋದು.

ನಿಮ್ಮ ಕಾಗದ ಮುಟ್ಟಿತು. ಟೈಪು ಚಂದ ಐತಿ, ಒಳಗಿನ ಮಾತು ಚಂದ ಇಲ್ಲ.

ಪಿಲ್ಲರ್ ಅಂದ್ರ ಹಂಚಿನ ಮನಿಯ ಕಂಬ ಅಲ್ಲ, ಕಿತ್ತು ಈ ಕಡೆ ನೆಡಾಕ. ನೆಲದಾಗ ಎಷ್ಟು ಇಳಿದೈತಿ ಅನ್ನೋದು ನಿಮಗ ಗೊತ್ತಿಲ್ಲ. ಈ ಸೀಮಿಯೊಳಗ ನಾ ಕಟ್ಟಿದ ಕಲ್ವರ್ಟಿನ ಮ್ಯಾಲೆ ಭತ್ತದ ಲಾರಿ ಓಡಾಡ್ತಾವು. ಒಂದೂ ಜಾಗ ತಪ್ಪಿಲ್ಲ. ನಾನೂ ಡ್ರಾಯಿಂಗ್ ನೋಡೇ ಕಟ್ಟೀನಿ.

ನಿಮ್ಮ ತಂದಿ ಖಾಜಾಮಿಯಾ ಅವರ ಕೈಕೆಲಸ ನನಗ ಗೊತ್ತು. ಅವರ ಕಾಲದಾಗ ನಿಮ್ಮ ಶೆಡ್ಡಿನಿಂದ ಗಿಡ್ಡ ಮಾಲು ಹೊರಗ ಬಂದಿದ್ದಿಲ್ಲ. ಅವರನ್ನ ಕಳಸ್ರಿ, ಮಾತಾಡೋಣು. ಹೆಣ್ಣುಮಗಳ ಜೋಡಿ ಜಗಳಕ್ಕ ನಿಂದ್ರಾಕ ನನಗ ಮನಸಿಲ್ಲ.

ಇನ್ನೊಂದು. ಸುನಂದಾ, ನಮ್ಮ ಸೊಸಿ, ನೀವು ಮೂರು ಸಲ ಫೋನ್ ಮಾಡಿದ್ದು ಹೇಳಿದಳು. ಕೆಲಸದ ಮಾತು ನಾ ಫೋನಿನಾಗ ಆಡಂಗಿಲ್ಲ. ಫೋನಿನಾಗ ಹೂಂ ಅಂದೋರು ಸೈಟಿನಾಗ ನಾ ಯಾವಾಗ ಅಂದೆ ಅಂತಾರ. ಬಾಳ ಸಲ ತಿಂದೀನಿ ಆ ಪೆಟ್ಟು. ಏನಿದ್ರೂ ಬರದು ಕಳಸ್ರಿ.

ಮರಿಬಸಪ್ಪ


ಸಿರುಗುಪ್ಪ
17 ಏಪ್ರಿಲ್ 2025

ಮರಿಬಸಪ್ಪನವರೇ,

ಬರೆದೇ ಹೇಳುತ್ತೇನೆ, ಹಾಗಾದರೆ ಓದಿಕೊಳ್ಳಿ.

ನನ್ನ ತಂದೆಯ ಕೈ ನಡುಗುತ್ತದೆ. ಚಹಾದ ಕಪ್ಪು ಹಿಡಿದರೆ ಅರ್ಧ ಅಂಗಿಯ ಮೇಲೆ. ಮೂರು ವರ್ಷದಿಂದ ಆ ಶೆಡ್ಡಿನಿಂದ ಹೊರಬಿದ್ದ ಪ್ರತಿಯೊಂದು ಮಾಲು ನಾನು ನಿಂತು ಮಾಡಿಸಿದ್ದು. ಹೋದ ದೀಪಾವಳಿಗೆ ನಿಮ್ಮ ಬೀಗರ ರೈಸ್ ಮಿಲ್ಲಿಗೆ ಭತ್ತ ಮೇಲೆತ್ತುವ ಹೊಸ ಎಲಿವೇಟರ್ ಕೂರಿಸಿದರಲ್ಲ, ನೀವು ಅದನ್ನು ನೋಡಿ "ಖಾಜಾಮಿಯಾ ಇನ್ನೂ ಗಟ್ಟಿ ಅದಾನ" ಅಂದಿರಂತೆ. ಅದು ಖಾಜಾಮಿಯಾ ಅಲ್ಲ. ನಾನು.

ಜಗಳ ಆಡಲು ಮನಸ್ಸಿಲ್ಲದಿದ್ದರೆ ಬೇಡ. ಅಳತೆ ಮಾಡಲು ಮನಸ್ಸಿದೆಯೇ? ಸೋಮವಾರ ಬೆಳಗ್ಗೆ ನಾನು ರಾರಾವಿಯ ದಂಡೆಯಲ್ಲಿ ಇರುತ್ತೇನೆ. ನಿಮ್ಮ ಡ್ರಾಯಿಂಗ್ ತನ್ನಿ, ನಾನು ನನ್ನದು ತರುತ್ತೇನೆ. ಟೇಪಿನ ಒಂದು ತುದಿ ನೀವು ಹಿಡಿಯಿರಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ. ತಪ್ಪು ನನ್ನದಾದರೆ ಊರವರ ಎದುರಿಗೇ ಒಪ್ಪಿಕೊಳ್ಳುತ್ತೇನೆ.

ನಿಮ್ಮದಾದರೆ ನೀವೂ ಹಾಗೇ ಮಾಡಬೇಕು.

ಇರ್ಫಾನಾ


ಕುರುಗೋಡು
23 ಏಪ್ರಿಲ್ 2025

ಇರ್ಫಾನಾ ಅವರಿಗೆ,

ಸೋಮವಾರ ಬಿಸಿಲಿನಾಗ ನಿಂತು ಇಬ್ಬರೂ ನೋಡಿದ್ದನ್ನ ಕಾಗದದ ಮ್ಯಾಲೆ ಇಡತೀನಿ. ನಿಮ್ಮ ಗರ್ಡರ್ ನಿಮ್ಮ ಡ್ರಾಯಿಂಗಿಗೆ ಸರಿ ಐತಿ. ನನ್ನ ಪಿಲ್ಲರ್ ನನ್ನ ಡ್ರಾಯಿಂಗಿಗೆ ಸರಿ ಐತಿ. ಡ್ರಾಯಿಂಗ್ ಎರಡೂ ಬ್ಯಾರೆ. ಆಚಿ ದಂಡಿಯ ಮಣ್ಣು ಮೆತ್ತಗೈತಿ ಅಂತ ಕಂಪನಿಯವರು ಪಿಲ್ಲರ್ ಹಿಂದಕ್ಕ ಸರಿಸಿ ನನಗ ಹೊಸ ಡ್ರಾಯಿಂಗ್ ಕೊಟ್ಟರು. ನಿಮಗ ಕೊಡಲಿಲ್ಲ. ಇಷ್ಟ ವಿಷಯ.

ಇಬ್ಬರೂ ಕೂಡಿ ಕಂಪನಿಗೆ ಬರದುಬಿಡೋಣು. ಇಂಗ್ಲಿಷ್ ಹಿಡಿತ ನಿಮಗ ಐತಿ. ನೀವ ಬರದು ಕಳಸ್ರಿ, ನಾ ಸಹಿ ಮಾಡತೀನಿ.

ಎಲಿವೇಟರ್ ಮಾತು ನನಗ ಗೊತ್ತಿದ್ದಿಲ್ಲ. ಕೆಲಸ ಚಲೋ ಐತಿ ಅಂದಿದ್ದೆ. ಈಗೂ ಅದನ್ನ ಅಂತೀನಿ.

ಮರಿಬಸಪ್ಪ


ಸಿರುಗುಪ್ಪ
25 ಏಪ್ರಿಲ್ 2025

ಮರಿಬಸಪ್ಪನವರಿಗೆ,

ಕಂಪನಿಗೆ ಬರೆದ ಕಾಗದ ಇದರ ಜೊತೆಗಿದೆ. ನನ್ನ ಸಹಿ ಹಾಕಿದ್ದೇನೆ. ನೀವು ಹಾಕಿ ಗಾಂಧಿನಗರಕ್ಕೆ ರಿಜಿಸ್ಟರ್ ಪೋಸ್ಟ್ ಮಾಡಿಬಿಡಿ.

ಬೇಗ ಆಗಬೇಕು. ಕಾಲುವೆಗೆ ನೀರು ಬಿಡುವುದರೊಳಗೆ ಗರ್ಡರ್ ಕೂರದಿದ್ದರೆ ಈ ವರ್ಷ ಸೇತುವೆ ಇಲ್ಲ. ಅಳತೆ ಮಾಡಿದ ದಿನ ಎಮ್ಮೆ ಹೊಡೆದುಕೊಂಡು ಬಂದ ಎರ್ರಮ್ಮ ಹೇಳಿದ್ದು ಕೇಳಿದಿರಲ್ಲ? ನೀರು ಬಂದರೆ ಗದ್ದೆ ಎದುರಿಗೇ ಕಾಣುತ್ತದೆ, ಹೋಗಬೇಕಾದರೆ ಊರು ಸುತ್ತಿ ಬರಬೇಕು. ಹೋದ ವರ್ಷ ಅವಳ ತಂಗಿ ಕಾಲುವೆಗೆ ಅಡ್ಡ ಹಾಕಿದ ಪೈಪಿನ ಮೇಲೆ ದಾಟಲು ಹೋಗಿ ಕೈ ಮುರಿದುಕೊಂಡಳಂತೆ.

ನಮ್ಮಲ್ಲಿ ಅಜೀಮ್ ಅಂತ ಒಳ್ಳೆ ವೆಲ್ಡರ್ ಇದ್ದ. ಹೋದ ತಿಂಗಳು ತೋರಣಗಲ್ಲಿನ ಕಡೆ ದೊಡ್ಡ ಕಾರ್ಖಾನೆಯ ಕೆಲಸಕ್ಕೆ ಹೋಗಿಬಿಟ್ಟ. ಅಲ್ಲಿ ಬಸ್ಸು, ಊಟ, ಆಸ್ಪತ್ರೆ ಎಲ್ಲಾ ಇದೆ. ನಾನು ಏನು ಕೊಡಲಿ? ಚಹಾ ಕೊಡತೀನಿ, ಬೈಗುಳ ಕೊಡತೀನಿ. ಕೆಲಸ ಒಪ್ಪಿಕೊಂಡಾಗ ಕಬ್ಬಿಣದ ಪ್ಲೇಟಿಗೆ ಒಂದು ರೇಟು, ತರಲು ಹೋದಾಗ ಇನ್ನೊಂದು. ನಿಮಗೂ ಸಿಮೆಂಟಿನಲ್ಲಿ ಹಿಂಗೇ ಇರಬೇಕು. ಹೇಳಲು ಹೋದರೆ ದೊಡ್ಡವರು "ಕಷ್ಟ ಆದರೆ ಬಿಡಿ, ಬೇರೆಯವರು ಇದ್ದಾರೆ" ಅಂತಾರೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇರ್ಫಾನಾ


ಸಿರುಗುಪ್ಪ
19 ಮೇ 2025

ಮರಿಬಸಪ್ಪನವರೇ,

ಮೂರು ವಾರ ಆತು. ನಿಮ್ಮಿಂದ ಒಂದು ಅಕ್ಷರ ಇಲ್ಲ. ಕಂಪನಿಯಲ್ಲಿ ಕೇಳಿದರೆ ಯಾವ ಕಾಗದವೂ ಬಂದಿಲ್ಲ ಅಂತಾರ.

ನಿನ್ನೆ ಅಜೀಮ್ ರಜಾದ ಮ್ಯಾಲೆ ಊರಿಗೆ ಬಂದಿದ್ದ. ಗಾಂಧಿನಗರದಾಗ ಕಂಪನಿ ಆಫೀಸಿನ ಮುಂದ ನಿಮ್ಮ ಜೀಪು ನಿಂತಿದ್ದು ನೋಡೀನಿ ಅಂದ. "ಕುರುಗೋಡಿನ ಸಾಹುಕಾರ್ರು ಮ್ಯಾನೇಜರ್ ಜೋಡಿ ನಗತಾ ಹೊರಗ ಬಂದ್ರು" ಅಂದ.

ನನಗ ತಿಳೀತು. ಕೇಳಾಕ ಇನ್ನೇನೂ ಉಳಿದಿಲ್ಲ. ನೀವು ದೊಡ್ಡವರು, ನಿಮಗ ಊರೆಲ್ಲಾ ಗುರುತು. ನಾ ಶೆಡ್ಡಿನಾಗಿನ ಹುಡುಗಿ. ಆದ್ರ ಒಂದು ಮಾತು ನೆನಪಿರಲಿ. ಗರ್ಡರ್ ಗಿಡ್ಡ ಅಂತ ನೀವು ಎಲ್ಲಿ ಬೇಕಾದ್ರೂ ಬರದುಕೊಡ್ರಿ, ನಾ ಒಪ್ಪಂಗಿಲ್ಲ. ಶೆಡ್ಡಿಗೆ ಬೀಗ ಬಿದ್ದರೂ ಒಪ್ಪಂಗಿಲ್ಲ. ನನ್ನ ಸಹಿ ಇದ್ದ ಆ ಕಾಗದ ವಾಪಸ್ ಕಳಸ್ರಿ.

ಇರ್ಫಾನಾ


ಕುರುಗೋಡು
22 ಮೇ 2025

ಇರ್ಫಾನಾ,

ಸಿಟ್ಟಿನಾಗ ಬರದಿ, ಸಿಟ್ಟಿನಾಗ ಓದಬ್ಯಾಡ.

ಹೋಗಿದ್ದು ಖರೆ. ನಿನ್ನ ಕಾಗದ ಬಂದ ಮರುದಿನ ಮ್ಯಾನೇಜರ್ ಶಶಿಕಾಂತನ ಫೋನ್ ಬಂತು. ಸಹಿ ಮಾಡೋಕಿಂತ ಮುಂಚೆ ಅವ ಏನಂತಾನ ಕೇಳೋಣು ಅಂತ ಹೋದೆ. ಚಹಾ ತರಿಸಿದ, ಬಿಸ್ಕೀಟ್ ತರಿಸಿದ. "ಸಾಹುಕಾರ್ರೇ, ಗರ್ಡರ್ ಅಳತೆ ತಪ್ಪಿದೆ ಅಂತ ಒಂದು ಸಹಿ ಮಾಡಿ. ಈ ಕಾಲುವೆಯ ಮೇಲಿನ ಉಳಿದ ಏಳು ಸೇತುವೆಯ ಸಿವಿಲ್ ಕೆಲಸ ನಿಮಗೇ" ಅಂದ. ನೀರಾವರಿ ಇಲಾಖೆಯವರು ತಡ ಯಾಕಂತ ಕೇಳಾಕ ಹತ್ಯಾರಂತ. ಯಾರದರ ತಲಿಮ್ಯಾಲೆ ಹಾಕಬೇಕಲ್ಲ.

ಸಹಿ ಮಾಡಲಿಲ್ಲ. ಆದ್ರ ಮಾಡಂಗಿಲ್ಲ ಅಂತನೂ ಹೇಳಲಿಲ್ಲ. ನಗತಾ ಹೊರಗ ಬಂದೆ, ಅದೂ ಖರೆ. ಇಷ್ಟು ವರ್ಷ ಹಂಗ ನಕ್ಕೊಂತ ಬದುಕೀನಿ. ಅವ ಕೊಟ್ಟ ಕಾಗದ ಕಿಸೆದಾಗ ಇಟ್ಟುಕೊಂಡು ಮನಿಗೆ ಬಂದೆ. ಚನ್ನಬಸವ, ನನ್ನ ಮಗ, "ಅಪ್ಪಾ, ಆ ಹುಡುಗಿ ನಿನಗೇನಾಗಬೇಕು? ಸಹಿ ಹಾಕು. ಕೆಲಸ ಇಲ್ಲದ ಕಾಂಕ್ರೀಟ್ ಮಿಕ್ಸರ್ ತುಕ್ಕು ಹಿಡಿಯಾಕ ಹತ್ತೈತಿ" ಅಂದ. ಅವನ ಮಾತಿನಾಗ ತಪ್ಪಿಲ್ಲ. ಆಳುಗಳು ಎಷ್ಟು ದಿನ ಕಾಯ್ತಾರ? ಹದಿನೈದು ದಿನ ಆ ಕಾಗದ ದೇವರ ಮುಂದ ಇಟ್ಟು ಕುಂತೆ. ಬರಿಯಾಕ ಮುಖ ಇದ್ದಿಲ್ಲ, ಅದಕ್ಕ ಬರೀಲಿಲ್ಲ.

ಕಡಿಗೆ ನನಗ ಅನಿಸಿದ್ದು ಇಷ್ಟ. ಇವತ್ತು ನಾ ನಿನ್ನ ಮ್ಯಾಲೆ ಹಾಕಿದ್ರ, ಮುಂದಿನ ಸೇತುವಿಗೆ ಇನ್ನೊಬ್ಬ ಯಾರೋ ನನ್ನ ಮ್ಯಾಲೆ ಹಾಕತಾನ. ಅವನಿಗೂ ಹಿಂಗ ಬಿಸ್ಕೀಟ್ ಕೊಡತಾರ. ಕಂಪನಿಯ ಆ ಕಾಗದ ನಿನ್ನೆ ಒಲಿಗೆ ಹಾಕೀನಿ. ನಿನ್ನ ಕಾಗದಕ್ಕ ಸಹಿ ಹಾಕಿ ರಿಜಿಸ್ಟರ್ ಮಾಡೀನಿ. ರಸೀದಿ ಇದರಾಗ ಇಟ್ಟೀನಿ.

ಈಗ ನಾ ಒಂದು ಕೇಳತೀನಿ. ಶಶಿಕಾಂತ ಟೇಬಲ್ಲಿನ ಮ್ಯಾಲೆ ಅಂಥದ ಇನ್ನೊಂದು ಕಾಗದ ಇತ್ತು. ಅದರಾಗ ಪಿಲ್ಲರ್ ಅಂತ ಓದಿದೆ. ನಿನ್ನೂ ಕರದಿದ್ರಲ್ಲ?

ಮರಿಬಸಪ್ಪ


ಸಿರುಗುಪ್ಪ
25 ಮೇ 2025

ಮರಿಬಸಪ್ಪ ಕಾಕಾ,

ಹೂಂ, ಕರದಿದ್ರು. ನಿಮಗಿಂತ ಒಂದು ವಾರ ತಡ. ಹೇಳಿದ್ರ "ಆಕಿನೂ ಹೋಗಿ ಬಂದಾಳ" ಅಂತ ನೀವು ಅನುಮಾನ ಪಡ್ತೀರಿ ಅಂತ ಮುಚ್ಚಿಟ್ಟೆ. ಆಮೇಲೆ ಅದೇ ಅನುಮಾನ ನಿಮ್ಮ ಮ್ಯಾಲೆ ಹಾಕಿ ಬೈದು ಬರದೆ. ಆ ಕಾಗದ ಒಲಿಗೆ ಹಾಕ್ರಿ, ಹೆಂಗೂ ಒಲಿ ಹಚ್ಚೀರಿ.

ನನಗ ಬಿಸ್ಕೀಟ್ ಕೊಡಲಿಲ್ಲ. ಎಸಿ ರೂಮು, ಗಾಜಿನ ಟೇಬಲ್ಲು, ಆಚಿ ಕಡಿ ಶಶಿಕಾಂತ್.

"ಮರಿಬಸಪ್ಪನವರಿಗೆ ವಯಸ್ಸಾಯ್ತು ಮೇಡಂ. ಕಣ್ಣು ಮಂದ. ಪಿಲ್ಲರ್ ಜಾಗ ತಪ್ಪಿದೆ ಅಂತ ನೀವು ಬರೆದುಕೊಟ್ಟರೆ ಉಳಿದ ಏಳು ಸೇತುವೆಯ ಕಬ್ಬಿಣ ನಿಮಗೇ" ಅಂದ.

"ಕೊಡದಿದ್ರ?"

"ನೀವು ಕೊಡದಿದ್ದರೆ ಅವರು ಕೊಡ್ತಾರೆ."

"ಎರಡು ಡ್ರಾಯಿಂಗ್ ಕೊಟ್ಟೋರು ನೀವಲ್ಲೇನು ಸರ್?"

ಅವ ಸುಳ್ಳು ಹೇಳಲಿಲ್ಲ, ಅದ ನನಗ ಸಿಟ್ಟು ತರಿಸಿದ್ದು. ತಣ್ಣಗ ಹೇಳಿದ: "ಗೊತ್ತು ಮೇಡಂ. ಆದರೆ ಕಂಪನಿ ತಪ್ಪು ಅಂತ ಕಂಪನಿ ಬರೆದುಕೊಡೋಕಾಗುತ್ತಾ? ನನ್ನ ಮೇಲೂ ಜನ ಇದ್ದಾರೆ. ನೀವು ಸ್ವಲ್ಪ ಯೋಚನೆ ಮಾಡಿ, ನಿಮ್ಮದು ಒಂದು ಶೆಡ್ಡು."

"ಶೆಡ್ಡು ನಮ್ದು ಸ್ವಂತದ್ದು ಸರ್. ನೀವು ಕುಂತ ಕುರ್ಚಿ ನಿಮ್ದೇನು?" ಅಂದು ಎದ್ದು ಬಂದೆ.

ಮನಿಯಾಗ ಅಮ್ಮ, ಮದಾರಬೀ, "ಒಂದು ಸಹಿ ಹಾಕಿದ್ರ ಏನಾಗತಿತ್ತು?" ಅಂತ ಮೂರು ದಿನ ಕೇಳಿದಳು.

ಈಗ ನನ್ನ ಮಾತು ಕೇಳ್ರಿ. ಬಾಯಿಮಾತಿನಾಗ ಕೆಲಸ ನಿಲ್ಲಿಸ್ರಿ ಅಂತ ಶಶಿಕಾಂತ್ ಹೇಳ್ಯಾನ. ಕಾಗದದಾಗ ಹೇಳಿಲ್ಲ. ನಮ್ಮಿಬ್ಬರ ವರ್ಕ್ ಆರ್ಡರಿಗೂ ಜೂನ್ ಕೊನಿತನಕ ಜೀವ ಐತಿ. ಅದರೊಳಗ ಸೇತುವಿ ಮುಗಿಸಿಬಿಡೋಣು. ಮುಗಿದ ಸೇತುವಿ ಮ್ಯಾಲೆ ಜನ ಅಡ್ಡಾಡಾಕ ಹತ್ತಿದ್ರ, ತಪ್ಪು ಯಾರದಂತ ಯಾರ ತಲಿಮ್ಯಾಲೆ ಹಾಕತಾರ?

ಎರಡೂ ಗರ್ಡರಿಗೆ ನಾ ತುಂಡು ಕೂಡಸ್ತೀನಿ. ಎರಡೂ ಬದಿಗೆ ಪ್ಲೇಟು ಕೊಟ್ಟು, ವೆಲ್ಡಿಂಗ್ ಮಾಡಿ, ಮ್ಯಾಲೆ ಬೋಲ್ಟು ಬಿಗೀತೀನಿ. ಲೆಕ್ಕ ಹಾಕೀನಿ, ತಾಳತೈತಿ. ಲೆಕ್ಕದ ಹಾಳಿ ಇದರ ಜೋಡಿ ಇಟ್ಟೀನಿ.

ಇರ್ಫಾನಾ


ಕುರುಗೋಡು
30 ಮೇ 2025

ಇರ್ಫಾನಾಗ,

ಕೂಡಿಸಿದ ಗರ್ಡರ್ ಮ್ಯಾಲೆ ಜನ ನಡಸಾಕ ನನಗ ಧೈರ್ಯ ಇಲ್ಲ ಅಂತ ಬರಿಯಾಕ ಕುಂತಿದ್ದೆ. ನನ್ನ ಪಿಲ್ಲರ್ ತಲಿಗೆ ತೂತು ಕೊರದು ಕಬ್ಬಿಣ ಕೂಡಿಸಿ ಕಾಂಕ್ರೀಟ್ ಮುಂದಕ್ಕ ಚಾಚಿದ್ರ ನಿನ್ನ ಗರ್ಡರ್ ಹಂಗ ಕೂಡತೈತಿ ಅಂತ ನನ್ನ ವಿಚಾರ. ಆದ್ರ ಹಳೇ ಕಾಂಕ್ರೀಟಿಗೆ ಹೊಸದು ಅಂಟಿಸೋದು ನನಗ ಎಂದೂ ನಂಬಿಕಿ ಬಂದಿಲ್ಲ. ಅವಸರದಾಗ ಅಂತೂ ಬ್ಯಾಡ. ನಿನ್ನ ಲೆಕ್ಕ ಬಳ್ಳಾರಿಯಾಗ ನನ್ನ ಗುರುತಿನ ರಿಟೈರ್ಡ್ ಇಂಜಿನಿಯರಿಗೆ ತೋರಿಸಿದೆ. ಬೋಲ್ಟ್ ಇನ್ನೊಂದು ಸಾಲು ಹೆಚ್ಚಿಗಿ ಹಾಕು ಅಂದ್ರು. ಹಾಕು. ನನ್ನ ಜನರೇಟರ್ ಕಳಸ್ತೀನಿ, ಕರೆಂಟಿನ ಹಾದಿ ಕಾಯಬ್ಯಾಡ.

ಕೆಟ್ಟ ಸುದ್ದಿನೂ ಐತಿ. ಸಿರುಗುಪ್ಪ, ಬಳ್ಳಾರಿ, ಕುರುಗೋಡು, ಯಾವ ಕ್ರೇನಿನವನೂ ಬರವಲ್ಲ. "ಕಂಪನಿಯವರ ಕೆಲಸ ನಮಗ ಬೇಕು ಸಾಹುಕಾರ್ರೇ, ಸಿಟ್ಟಾಗಬ್ಯಾಡ್ರಿ" ಅಂತಾರ. ಶಶಿಕಾಂತ ಎಲ್ಲಾ ಕಡೆ ಫೋನ್ ಹಚ್ಯಾನ.

ಇರಲಿ. ನಮ್ಮ ಕುರುಗೋಡಿನ ಗುಡ್ಡದಾಗ ಕ್ರೇನ್ ಬರೋಕಿಂತ ಮುಂಚೆನೂ ಕಲ್ಲು ಎತ್ತತಿದ್ರು. ಜೋಗಪ್ಪ ಮತ್ತ ಅವನ ಜನ ಇನ್ನೂ ಅದಾರ. ಮೂರು ಕಾಲಿನ ಮರದ ಕಂಬ ಕಟ್ಟಿ ಚೈನ್ ಪುಲ್ಲಿ ಇಳಿಬಿಟ್ರ ಕಲ್ಲಿನ ಬಸವಣ್ಣನ್ನೂ ಎಬ್ಬಸ್ತಾರ. ಕಾಲುವಿ ಒಣಗೈತಿ, ತಳದಾಗ ಕಂಬ ನಿಲ್ಲಸಬಹುದು. ಜೂನ್ 14 ಶನಿವಾರ ಎತ್ತೋಣು. ನೋಡೇಬಿಡೋಣು.

ಮರಿಬಸಪ್ಪ ಕಾಕಾ


ಬಳ್ಳಾರಿ
11 ಜೂನ್ 2025

ಇರ್ಫಾನಾ,

ಶನಿವಾರ ನಾ ಬರಾಕ ಆಗಂಗಿಲ್ಲ. ಬಳ್ಳಾರಿಯಾಗ ಸ್ವಲ್ಪ ಕೆಲಸ ಬಿದ್ದೈತಿ. ಜೋಗಪ್ಪ ಬರತಾನ, ನಿಂದ್ರಿಸಿ ಮಾಡಿಸು. ದಿನ ಮುಂದಕ್ಕ ಹಾಕಬ್ಯಾಡ.

ಮರಿಬಸಪ್ಪ


ಸಿರುಗುಪ್ಪ
19 ಜೂನ್ 2025

ಕಾಕಾ,

"ಬಳ್ಳಾರಿಯಾಗ ಸ್ವಲ್ಪ ಕೆಲಸ" ಅಂತ ಬರದಿದ್ರಿ. ಓದಿದಾಗ ಮತ್ತ ಗಾಂಧಿನಗರ ಅಂದುಕೊಂಡೆ. ಆದ್ರ ಈ ಸಲ ಬೈದು ಬರೀಲಿಲ್ಲ. ನಿಮ್ಮ ಸೊಸಿಗೆ ಫೋನ್ ಮಾಡಿದೆ. ಪುಲ್ಲಿ ಕಂಬದ ಅಳತಿಗೆ ಅಂತ ದಂಡಿ ಇಳಿಯಾಕ ಹೋಗಿ ಜಾರಿ ಬಿದ್ದಿರಂತ, ಕಾಲಿನ ಎಲುಬು ಮುರದೈತಂತ, ಆಪರೇಷನ್ ಆಗೈತಂತ. ಸುನಂದಕ್ಕ ಅಳಾಕ ಹತ್ತಿದ್ದಳು. ಆಸ್ಪತ್ರಿ ಹಾಸಿಗಿ ಮ್ಯಾಲೆ ಮಲಗಿ "ಸ್ವಲ್ಪ ಕೆಲಸ" ಅಂತ ಬರೀತೀರಿ. ಎಂಥಾ ಮನುಷ್ಯಾರು ನೀವು!

ಶನಿವಾರದ ಸುದ್ದಿ ಹೇಳತೀನಿ, ಮಲಕೊಂಡು ಓದ್ರಿ.

ಜೋಗಪ್ಪ ಸೂರ್ಯ ಹುಟ್ಟೋದರೊಳಗ ಕಂಬ ನಿಲ್ಲಿಸಿದ್ದ. ರಾರಾವಿ ಜನ ದಂಡಿ ತುಂಬ. ಎರ್ರಮ್ಮ ಒಂದು ಕೊಡ ಮಜ್ಜಿಗಿ ತಂದಿದ್ದಳು. ಕೂಡಿಸಿದ ಜಾಗದ ವೆಲ್ಡಿಂಗ್ ನಾನ ಮಾಡಿದ್ದು, ಅಜೀಮ್ ಇಲ್ಲಲ್ಲ. ಅಪ್ಪ ಬಗಲಿಗೆ ಕುರ್ಚಿ ಹಾಕ್ಕೊಂಡು ಕುಂತು ನೋಡಿದ್ದ.

ಗರ್ಡರ್ ನೆಲ ಬಿಟ್ಟಿತ್ತು, ಅಷ್ಟರಾಗ ಕಂಪನಿ ಗಾಡಿ ಬಂತು. ಶಶಿಕಾಂತ್ ಇಳಿದ.

"ನಿಲ್ಲಿಸಿ! ಯಾರ ಪರ್ಮಿಷನ್ ಇದೆ ನಿಮಗೆ?"

"ನಿಮ್ದೇ ಐತಿ ಸರ್" ಅಂದೆ. ವರ್ಕ್ ಆರ್ಡರ್ ಕೊಟ್ಟೆ. "ಕೊನಿ ತಾರೀಖು ಓದ್ರಿ. ಕೆಲಸ ನಿಲ್ಲಸಬೇಕಂದ್ರ ಇಲ್ಲೇ, ಈಗ, ಬರದು ಸಹಿ ಮಾಡಿ ಕೊಡ್ರಿ. ಯಾಕ ನಿಲ್ಲಸಬೇಕು ಅನ್ನೋದನ್ನೂ ಬರೀರಿ. ಎರಡು ಡ್ರಾಯಿಂಗಿನ ಮಾತೂ ಬರೀರಿ."

ಅವ ಪೆನ್ನು ತೆಗೀಲಿಲ್ಲ. "ಯಾರಿಗಾದರೂ ಏನಾದರೂ ಆದರೆ ನೀವೇ ಜವಾಬ್ದಾರಿ" ಅಂದ.

"ಹೂಂ ಸರ್, ನಾನ. ನಿಮ್ಮಂಗ ಇನ್ನೊಬ್ಬರ ಹೆಸರು ಹೇಳಂಗಿಲ್ಲ."

ಎರ್ರಮ್ಮ ನಡುವ ಬಂದಳು. "ಏನಪಾ, ನೀರು ಬಂದ ಮ್ಯಾಲೆ ನಿನ್ನ ಗಾಡಿಯಾಗ ನಮ್ಮನ್ನ ದಾಟಸ್ತೀಯೇನು? ಸರಿ ಆ ಕಡೆ, ಬಿಸಿಲು ಬಿದ್ದೈತಿ."

ಜನ ನಕ್ಕರು. ಅದ ಹೊತ್ತಿಗೆ ಆಚಿ ಕಡಿ ಚೈನ್ ಸಿಕ್ಕಿಬಿತ್ತು ಕಾಕಾ. ಗರ್ಡರ್ ಒಂದ ಬದಿಗೆ ವಾಲಿತು. ಜೋಗಪ್ಪ "ಆಗು! ಆಗು!" ಅಂತ ತೆಲುಗಿನಾಗ ಚೀರಿದ, ನಿಂದ್ರು ಅಂತ. ಎಲ್ಲಾರೂ ಕಲ್ಲಾಗಿ ನಿಂತ್ರು. ಶಶಿಕಾಂತನ ಕೈ ತಾನಾಗಿ ಹಗ್ಗದ ಕಡೆ ಚಾಚಿದ್ದು ನಾ ನೋಡೀನಿ. ಜೋಗಪ್ಪ ಹತ್ತಿ, ಚೈನಿನ ಗಂಟು ಬಿಡಿಸಿ, ಇಳಿದು, ಬಾಯಿಗೆ ಎಲಿ ಅಡಿಕಿ ಹಾಕ್ಕೊಂಡು, "ಹೂಂ, ಎಳೀರಿ" ಅಂದ.

ಕುಂತಿತು ಕಾಕಾ. ನಿಮ್ಮ ಪಿಲ್ಲರ್ ಮ್ಯಾಲೆ ನನ್ನ ಗರ್ಡರ್. ಮಧ್ಯಾಹ್ನದೊಳಗ ಎರಡನೇದೂ ಕುಂತಿತು. ನಾ ದಂಡಿ ಮ್ಯಾಲೆ ಕುಂತು ಅತ್ತೆ. ಎರ್ರಮ್ಮ ಮಜ್ಜಿಗಿ ಕುಡಿಸಿದಳು.

ಸೋಮವಾರ ಮ್ಯಾಲಿನ ತಗಡು ಹಾಸಿದೆವು. ಮಂಗಳವಾರ ಊರವರು ಇಲಾಖೆಯ ಇಂಜಿನಿಯರ್ ಗುರುಸ್ವಾಮಿ ಅವರನ್ನ ಕರಕೊಂಡು ಬಂದ್ರು. ಮರಳಿನ ಚೀಲ ಹೇರಿಸಿ ಇಡೀ ದಿನ ಕುಂತು ನೋಡಿದ್ರು. "ಈ ಜಾಯಿಂಟ್ ಮಾಡಿದ್ದು ಯಾರು?" ಅಂದ್ರು. ನಾ ಅಂದೆ. ಕೂಡಸಬೇಕಾದ ಪ್ರಸಂಗ ಯಾಕ ಬಂತು ಅಂತ ಕೇಳಿದ್ರು. ಎರಡೂ ಡ್ರಾಯಿಂಗ್ ಕೈಗೆ ಕೊಟ್ಟೆ. ಸೇತುವಿ ಸರಿ ಐತಿ ಅಂತ ಬರದ್ರು. ಕಂಪನಿಯಿಂದ ಉತ್ತರ ಕೇಳತೀನಿ ಅಂತನೂ ಅಂದ್ರು.

ಬೇಗ ಎದ್ದು ಬರ್ರಿ.

ಇರ್ಫಾನಾ


ಕುರುಗೋಡು
1 ಜುಲೈ 2025

ಇರ್ಫಾನಾ ತಾಯಿ,

ನಿನ್ನ ಕಾಗದ ಆಸ್ಪತ್ರಿಯಾಗ ನಾಕು ಸಲ ಓದಿಸಿಕೊಂಡೆ. ಬಗಲು ಹಾಸಿಗಿಯ ಪೇಷಂಟ್ ಜಂಬುನಾಥ ಅನ್ನಾಂವಗೂ ಬಾಯಿಪಾಠ ಆಗೈತಿ.

ನಿನ್ನೆ ಶಶಿಕಾಂತ ನಮ್ಮ ಮನಿಗೆ ಬಂದಿದ್ದ. ಸೇಬು, ಎಳನೀರು, ಎಲ್ಲಾ ಹೊತ್ತುಕೊಂಡು. ಮುಖ ಸಣ್ಣದಾಗೈತಿ. ಉಳಿದ ಏಳು ಸೇತುವಿಗೂ ಎರಡೆರಡು ಡ್ರಾಯಿಂಗ್ ಹೋಗ್ಯಾವಂತ. ಪಿಲ್ಲರ್ ಬ್ಯಾರೆಯವರ ಕಡಿಂದ ಕಟ್ಟಿಸಿ, ಆಂಧ್ರದ ಕಡೆಯಿಂದ ಗರ್ಡರ್ ಮಾಡಿಸಿ ತಂದು ಬಯಲಾಗ ಹಾಕ್ಯಾರ, ಒಂದೂ ಕೂಡವಲ್ಲವು. "ಸಾಹುಕಾರ್ರೇ, ನೀವಿಬ್ಬರೂ ಸೇರಿ ಸರಿ ಮಾಡಿಕೊಡಿ. ಏಳೂ ನಿಮ್ಮವೇ" ಅಂದ.

ಚನ್ನಬಸವನ ಮುಖ ಅರಳಿತು. ನನ್ನ ಕಡೆ ನೋಡಿದ. ನಾ ಕಾಲು ಚಾಚಿಕೊಂಡು ಹೇಳಿದೆ: "ನನ್ನ ಒಬ್ಬನ್ನ ಕೇಳಿದ್ದು ಒಂದು ಸಲ ಸಾಕು. ಸಿರುಗುಪ್ಪಕ್ಕ ಹೋಗು. ಆಕಿ ಹೂಂ ಅಂದ್ರ ನಂದೂ ಹೂಂ. ಆಕಿ ಬ್ಯಾಡ ಅಂದ್ರ ನನ್ನ ಹತ್ತರ ತಿರುಗಿ ಬರಬ್ಯಾಡ."

ಬರತಾನ. ನಿನಗ ಏನು ಸರಿ ಕಾಣತೈತಿ ಅದನ್ನ ಹೇಳು. ನನ್ನ ಮುಖ ನೋಡಬ್ಯಾಡ.

ಮರಿಬಸಪ್ಪ ಕಾಕಾ


ಸಿರುಗುಪ್ಪ
8 ಜುಲೈ 2025

ಕಾಕಾ,

ಬಂದಿದ್ದ. ಶೆಡ್ಡಿನಾಗ ಕುರ್ಚಿ ಒಂದ ಐತಿ, ಅಪ್ಪ ಕುಂತಿದ್ದ. ಶಶಿಕಾಂತಗ ಡ್ರಮ್ಮಿನ ಮ್ಯಾಲೆ ಗೋಣಿಚೀಲ ಹಾಸಿ ಕೂಡ್ರಿಸಿದೆ.

ನಾಕು ಮಾತು ಹೇಳಿದೆ. ಸಿವಿಲ್ಲಿಗೂ ಕಬ್ಬಿಣಕ್ಕೂ ಒಂದ ಡ್ರಾಯಿಂಗ್ ಬರಬೇಕು, ಬದಲಾದ್ರ ಇಬ್ಬರಿಗೂ ಅವತ್ತೇ ಗೊತ್ತಾಗಬೇಕು. ಕಬ್ಬಿಣ ಸಿಮೆಂಟಿನ ರೇಟು ಏರಿದ್ರ ನಮ್ಮ ರೇಟೂ ಏರಬೇಕು. ಕ್ರೇನಿನವರಿಗೆ ಹೆದರಿಕಿ ಹಾಕೋದು ಬಿಡಬೇಕು. ಮೂರಕ್ಕೂ ಹೂಂ ಅಂದ.

ನಾಕನೇದು ಹೇಳಿದೆ. ರಾರಾವಿ ಸೇತುವಿಯ ತಪ್ಪು ಮರಿಬಸಪ್ಪನವರದೂ ಅಲ್ಲ, ಖಾಜಾ ಫ್ಯಾಬ್ರಿಕೇಶನ್ಸ್‌ನದೂ ಅಲ್ಲ ಅಂತ ಕಂಪನಿ ಕಾಗದದ ಮ್ಯಾಲೆ ಬರದುಕೊಡಬೇಕು.

ಅವ ಅಂದ: "ಮೇಡಂ, ಏಳು ಸೇತುವೆ ಕೊಡ್ತಿದ್ದೀನಿ. ಒಂದು ಸಾಲಿಗೆ ಯಾಕೆ ಹಟ?"

"ನಿಮಗೂ ಅದು ಒಂದ ಸಾಲಲ್ಲೇನು ಸರ್? ಬರದುಕೊಡಾಕ ಯಾಕ ಹಟ?"

"ನನ್ನ ಕೈಯಲ್ಲಿಲ್ಲ ಮೇಡಂ" ಅಂದ. ಅದು ಸುಳ್ಳಲ್ಲ ಅನಿಸ್ತು. ಆದ್ರ ನಾ ಇಳೀಲಿಲ್ಲ. ಆ ಸಾಲು ಇಲ್ಲದ ಏಳು ಸೇತುವಿ ಕಟ್ಟಿದ್ರ, ಎಂಟನೇದರಾಗ ತಪ್ಪು ಬಂದಾಗ "ಇವರ ರಾರಾವಿಯೊಳಗೂ ಹಿಂಗ ಮಾಡಿದ್ರು" ಅಂತಾರ. ಅವ ಎದ್ದ. ಅಪ್ಪ ಕುರ್ಚಿಯಿಂದ ಎದ್ದು, ನಡುಗೋ ಕೈಲೆ ತಾನ ಹೋಗಿ ಗೇಟು ತೆಗೆದು ನಿಂತ. "ಗಾಡಿ ತಿರುವಾಕ ಜಾಗ ಕಮ್ಮಿ ಐತಿ, ಜ್ವಾಕಿ" ಅಂತ ಮರ್ಯಾದಿಯಿಂದಲೇ ಹೇಳಿದ.

ಈಗ ಅಂಜಿಕಿ ಆಗಾಕ ಹತ್ತೈತಿ ಕಾಕಾ. ಶೆಡ್ಡಿನಾಗ ಎರಡು ಕಿಟಕಿ ಜಾಲರಿ ಬಿಟ್ರ ಕೆಲಸ ಇಲ್ಲ. ನಿಮ್ಮ ಪಾಲಿನ ಕೆಲಸನೂ ನಾನ ಬ್ಯಾಡ ಅಂದಂಗಾತು, ನಿಮ್ಮನ್ನ ಒಂದು ಮಾತು ಕೇಳದ. ಚನ್ನಬಸವ ಅಣ್ಣಗ ಹೆಂಗ ಮುಖ ತೋರಸಲಿ?

ಇರ್ಫಾನಾ


ಕುರುಗೋಡು
24 ಜುಲೈ 2025

ಇರ್ಫಾನಾ ತಾಯಿ,

ಕೇಳಿದ್ರ ನಾನೂ ಅದನ್ನ ಹೇಳತಿದ್ದೆ. ಕೇಳದ ಹೇಳಿದ್ದು ಇನ್ನೂ ಚಲೋ ಆತು.

ಚನ್ನಬಸವ ಎರಡು ದಿನ ಉಂಡಿಲ್ಲ, ಮೂರನೇ ದಿನ ಉಂಡ. ಮಿಕ್ಸರ್ ಮಾರತೀನಿ ಅಂತ ಹೋದಾಂವ, ಎಣ್ಣಿ ಹಚ್ಚಿಸಿಕೊಂಡು ತಿರುಗಿ ತಂದಾನ.

ಹೋದ ವಾರ ಕಂಪನಿಯಿಂದ ಕಾಗದ ಬಂತು. ರಾರಾವಿ ತಪ್ಪು ಮರಿಬಸಪ್ಪನವರದಲ್ಲ ಅಂತ ಬರದಾರ. ನಿನ್ನ ಹೆಸರಿಲ್ಲ. ಹಿಂದಿನ ಪುಟ ತಿರುವಿ ನೋಡಿದೆ, ಅಲ್ಲೂ ಇಲ್ಲ. ಅದ ಲಕೋಟಿಯಾಗ ಹಾಕಿ ವಾಪಸ್ ಕಳಸೀನಿ. ಅರ್ಧ ಮರ್ಯಾದಿ ಇಟ್ಟುಕೊಂಡು ನಾ ಏನು ಮಾಡಲಿ? ಗುರುಸ್ವಾಮಿ ಸಾಹೇಬರು ಅವರಿಂದ ಇನ್ನೂ ಉತ್ತರ ಕೇಳಾಕ ಹತ್ಯಾರಂತ. ಏಳು ಗರ್ಡರ್ ಬಯಲಾಗ ಬಿದ್ದಾವು. ಬೀಳಲಿ.

ಇನ್ನೊಂದು ಸುದ್ದಿ. ರಾರಾವಿಯಾಚಿ ರೈತರು ತಾವ ರೊಕ್ಕ ಕೂಡಿಸಿ, ವರ್ಗಣಿ ಹಾಕಿ, ಹಳ್ಳಕ್ಕ ಒಂದು ಸೇತುವಿ ಮಾಡಸ್ತಾರಂತ. ಇಲಾಖೆಯ ಒಪ್ಪಿಗಿ ತಗೊಂಡಾರ. ಎರ್ರಮ್ಮ ನನ್ನ ಹೆಸರು ಹೇಳ್ಯಾಳ. "ನಾ ಒಬ್ಬನ ಬರಂಗಿಲ್ಲ, ನಾವು ಇಬ್ಬರು" ಅಂದೆ. "ಗೊತ್ತೈತಿ, ಅದಕ್ಕ ಬಂದೀವಿ" ಅಂದ್ರು. ಸಣ್ಣ ಕೆಲಸ. ಏಳು ಸೇತುವಿಯ ಮುಂದ ಏನೂ ಅಲ್ಲ. ನಿನಗ ಕೇಳದ ಒಪ್ಪಿಕೊಂಡೀನಿ, ನೀ ನನಗ ಕೇಳದ ಬ್ಯಾಡ ಅಂದಿಯಲ್ಲ, ಹಂಗ.

ನಿನ್ನೆ ಕೋಲು ಹಿಡಕೊಂಡು ಮೊದಲನೇ ಸಲ ಸೇತುವಿ ಮ್ಯಾಲೆ ನಡದೆ. ಕಾಲುವಿ ತುಂಬ ನೀರು. ನಾಟಿ ಮಾಡೋ ಹೆಣ್ಣುಮಕ್ಕಳು ಸಸಿಯ ಕಟ್ಟು ತಲಿಮ್ಯಾಲೆ ಹೊತ್ತು ಬಂದ್ರು. ನಾ ನಡುವ ನಿಂತಿದ್ದೆ, ಹಾದಿ ಬಿಡಾಕ ಕಂಬಿಗೆ ಒರಗಿದೆ. ಮುಂದಿನಾಕಿ ನನ್ನ ಗುರುತಿಲ್ಲದಾಕಿ. ಎದುರಾಎದುರ ಇಬ್ಬರು ಬಂದ್ರ ದಾಟಾಕ ಬರಂಗಿಲ್ಲ, ಇಷ್ಟು ಇಕ್ಕಟ್ಟು ಕಟ್ಟ್ಯಾರ, ಕಟ್ಟಿದಾಂವ ಯಾವ ಮೂಳ ಅಂತ ಬೈಕೊಂತ ಹೋದಳು.

"ಮುಂದಿನದು ಅಗಲ ಮಾಡತೀವವ್ವ" ಅಂದೆ.

ಆಕಿ ತಿರುಗಿ ನೋಡಿದಳು. "ಮಾಡತೀವಿ ಅಂದ್ರ ಯಾರು?"

ನನ್ನ ಹೆಸರು ಹೇಳಿದೆ, ನಿನ್ನ ಹೆಸರು ಹೇಳಿದೆ. ಕುರುಗೋಡು, ಸಿರುಗುಪ್ಪ ಅಂತ ಊರೂ ಹೇಳಿದೆ. ಹಿಂದಿನ ಹೆಣ್ಣುಮಕ್ಕಳೆಲ್ಲಾ ಕೇಳಿಸಿಕೊಂಡಾರ. ಇನ್ನ ಮಾಡಲೇಬೇಕು.

ಮರಿಬಸಪ್ಪ ಕಾಕಾ